ಅಕ್ಕ ಸುಮ್ಮನಿದ್ದ ವಿಡಿಯೊಗಳು

ಮಧುಗಿರಿಯ ಕುಮಾರಸ್ವಾಮಿ ವಿಡಿಯೊ ತೆಗೆಯಲು ನಿಂತರೆ ಅಕ್ಕಪಕ್ಕದವರು ಉಸಿರು ಬಿಡುವುದಕ್ಕೂ ಅವನ ಅಪ್ಪಣೆ ಕೇಳಬೇಕಿತ್ತು. ಅವನಲ್ಲಿದ್ದದ್ದು ಜೇಬಿಗೆ ಹಾಕಿಕೊಳ್ಳುವ ಪುಟ್ಟ ಡಿಜಿಟಲ್ ಕ್ಯಾಮೆರಾ. ಸಾಮಾನು ಸಣ್ಣದಾದರೇನು, ಕೈ ನೆಟ್ಟಗಿದ್ದರೆ ಸಿನಿಮಾದವರಿಗೇನೂ ಕಮ್ಮಿಯಿಲ್ಲ ಎಂಬುದು ಅವನ ಹಟ. ಕ್ಯಾಮೆರಾ ಅಲುಗಬಾರದು, ನಡುವೆ ಜೂಮ್ ಮಾಡಬಾರದು, ಸೂರ್ಯ ಬೆನ್ನ ಹಿಂದಿರಬೇಕು. ಎಲ್ಲಕ್ಕಿಂತ ಮುಖ್ಯ, ಯಾರೂ ತುಟಿ ಬಿಚ್ಚಬಾರದು. ಹತ್ತಿರದ ಪಿಸುಮಾತನ್ನೂ ಅದರ ಮೈಕು ದೊಡ್ಡದು ಮಾಡಿ ಹಿಡಿಯುತ್ತಿತ್ತು. ವಾರವೆಲ್ಲ ಬಟ್ಟೆ ಅಂಗಡಿಯಲ್ಲಿ ಗಿರಾಕಿಗಳ ಜೊತೆ ಬಾಯಿ ನೋಯಿಸಿಕೊಳ್ಳುವವನಿಗೆ ಭಾನುವಾರದ ಈ ಮೌನವೇ ದೊಡ್ಡ ಸುಖವಾಗಿತ್ತು.

ಈ ಕಾನೂನಿಗೆಲ್ಲ ಸಿಕ್ಕಿಬಿದ್ದವಳು ಅವನ ಅಕ್ಕ ಕರಿಬಸಮ್ಮ. ಸಣ್ಣ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ತಮ್ಮನ ಮನೆಗೆ ಬಂದವಳು. ಮದುವೆಯ ಗೋಜಿಗೇ ಹೋಗದ ತಮ್ಮನಿಗೆ ಮನೆಯಲ್ಲಿದ್ದವಳು ಅವಳೊಬ್ಬಳೇ. ಬಾಯಿ ತೆರೆದರೆ ಅರಳು ಹುರಿದಂತೆ ಮಾತು. ಕ್ಯಾಮೆರಾ ಕದಲದಿರಲೆಂದು ಹಳೆಯ ರವಿಕೆ ಬಟ್ಟೆಯಲ್ಲಿ ಪುಟ್ಟ ಚೀಲ ಹೊಲಿದು, ಅದಕ್ಕೆ ಹುರುಳಿ ತುಂಬಿಕೊಟ್ಟವಳೂ ಅವಳೇ. ಬಂಡೆಯ ಮೇಲೆ ಆ ಚೀಲವಿಟ್ಟು ಕ್ಯಾಮೆರಾ ಕೂರಿಸಿದರೆ ಜಪ್ಪಯ್ಯ ಅಂದರೂ ಅಲುಗುತ್ತಿರಲಿಲ್ಲ. ಆಮೇಲೆ ಅವನು ಅಕ್ಕನ ಕಡೆ ತಿರುಗಿ "ಶ್" ಎನ್ನುತ್ತಿದ್ದ.

"ಮಾತು ಬೆಳ್ಳಿ, ಮೌನ ಬಂಗಾರ ಕಣಕ್ಕ."

"ಬಂಗಾರ ನೀನೇ ಇಟ್ಕಳಪ್ಪ. ನನ್ನ ಬೆಳ್ಳಿ ನಂಗೆ ಕೊಟ್ಬುಡು."

ಹಾಗೆ ರೇಗಿಸಿದರೂ ಸೆರಗನ್ನು ಬಾಯಿಗೆ ಒತ್ತಿಕೊಂಡು ಕೂರುತ್ತಿದ್ದಳು. ಅಪ್ಪಿತಪ್ಪಿ ಅವಳ ಮಾತು ಸೇರಿಕೊಂಡರೆ ಅವನು "ಕೆಟ್ಟೋಯ್ತು" ಎಂದು ಆ ವಿಡಿಯೊವನ್ನು ಅವತ್ತೇ ಅಳಿಸಿಹಾಕುತ್ತಿದ್ದ.

ಕರಿಬಸಮ್ಮ ಮಾಘದಲ್ಲಿ ತೀರಿಕೊಂಡಳು. ಜ್ವರ ಅಂದಳು, ಆಸ್ಪತ್ರೆಗೆ ಸೇರಿಸಿದ, ಮುಗಿದೇಹೋಯಿತು.

ಶಿವಗಣಾರಾಧನೆ ಮುಗಿಸಿ ನೆಂಟರೆಲ್ಲ ಹೊರಟುಹೋದ ಮೇಲೆ ಶಿರಾದಿಂದ ಕುಮಾರಸ್ವಾಮಿಯ ತಮ್ಮನ ಮಗಳು ಗಗನಾ ಫೋನ್ ಮಾಡಿದಳು. "ದೊಡ್ಡಪ್ಪ, ಅತ್ತೆ ಮಾತಾಡಿರೋ ವಿಡಿಯೊ ಒಂದಾದ್ರೂ ಕಳ್ಸು. ಅವರ ದನಿ ಕೇಳ್ಬೇಕು ಅನ್ನಿಸ್ತೈತೆ."

"ಅದಕ್ಕೇನವ್ವ, ರಾಶಿ ಅವೆ" ಎಂದ.

ಕಂಪ್ಯೂಟರ್ ಮುಂದೆ ಕೂತು ಒಂದೊಂದಾಗಿ ನೋಡಿದ. ಕೋಟೆ ಬೆಟ್ಟದ ಮೇಲೆ ಮೋಡದ ನೆರಳು, ವಳ್ಳೂರಿನ ಸೋಲಾರ್ ಹಲಗೆಗಳ ಮೇಲೆ ಸಂಜೆಗೆಂಪು, ಪುರವರದ ರಾಗಿ ಹೊಲ. ಒಂದಕ್ಕಿಂತ ಒಂದು ಚೆಂದ. ಕೆಲವುಗಳಲ್ಲಿ ಅಕ್ಕನೂ ಇದ್ದಳು, ಬಾಯಿಗೆ ಸೆರಗು ಒತ್ತಿಕೊಂಡು. ಗಿಳಿಗಳ ಕೂಗು ಕೇಳಿಸಿತು, ದೂರದ ಬಸ್ಸಿನ ಹಾರನ್ ಕೇಳಿಸಿತು. ಅಕ್ಕ ಮಾತ್ರ ಕೇಳಿಸಲಿಲ್ಲ. ಒಳ್ಳೆಯ ವಿಡಿಯೊದ ಹುಚ್ಚಿಗೆ ಬಿದ್ದು ಅವಳ ದನಿಯನ್ನು ತಾನೇ ಕೈಯಾರೆ ಒರೆಸಿಹಾಕಿದ್ದ. ಮನೆಯಲ್ಲಿ ಈಗ ಒಂದು ಸದ್ದಿಲ್ಲ. ವಿಡಿಯೊ ತೆಗೆಯುವವನಿಗೆ ಹೇಳಿಮಾಡಿಸಿದ ಮನೆ.

ಅಳಿಸಿದ್ದು ವಾಪಸ್ ಬಂದೀತೆಂದು ಮೆಮೊರಿ ಕಾರ್ಡನ್ನು ಕಂಪ್ಯೂಟರ್ ರಿಪೇರಿಯ ಹಾಲೇಶನಿಗೆ ಕೊಟ್ಟುನೋಡಿದ. "ಅದರ ಮೇಲೇ ಎಷ್ಟೋ ಸಲ ತೆಗ್ದುಬುಟ್ಟಿದ್ದೀಯ ಕಣಣ್ಣ, ಏನೂ ಬರಾಕಿಲ್ಲ" ಎಂದ ಹಾಲೇಶ. ಕಾರ್ಡನ್ನು ಅಲ್ಲೇ ಬಿಟ್ಟು, ಕಾಲೆಳೆದುಕೊಂಡು ಮನೆಗೆ ಬಂದ.

ಭಾನುವಾರ ಮಧ್ಯಾಹ್ನ ಮಾಡಲು ಬೇರೇನೂ ತೋಚದೆ, ಹುರುಳಿ ಚೀಲದ ಮೇಲೆ ಕ್ಯಾಮೆರಾ ಇಟ್ಟು, ತೆಗೆದದ್ದನ್ನು ತೋರಿಸುವ ಗುಂಡಿ ಒತ್ತಿದ. ಕಾರ್ಡಿಲ್ಲದ ಕ್ಯಾಮೆರಾದಲ್ಲಿ ಏನಿರಬೇಕು? ಆದರೆ ಪರದೆಯ ಮೇಲೆ ಒಂದು ವಿಡಿಯೊ ಇತ್ತು. ಆಗ ನೆನಪಾಯಿತು. ಮೈದನಹಳ್ಳಿಗೆ ಕೃಷ್ಣಮೃಗ ನೋಡಲು ಹೋದ ದಿನ ಕಾರ್ಡನ್ನು ಕಂಪ್ಯೂಟರಿನಲ್ಲೇ ಮರೆತಿದ್ದ. ಸ್ವಲ್ಪ ಹೊತ್ತಿಗೇ ಜಾಗವಿಲ್ಲ ಎಂದು ಕ್ಯಾಮೆರಾ ನಿಂತುಬಿಟ್ಟಿತ್ತು. ಏನೂ ದಾಖಲಾಗಿಲ್ಲವೆಂದು ತನ್ನನ್ನೇ ಬೈದುಕೊಂಡು ಬಂದಿದ್ದ. ಕ್ಯಾಮೆರಾದ ಒಳಗೇ ಇದ್ದ ಚೂರು ಜಾಗದಲ್ಲಿ, ಕಾರ್ಡ್ ಹಾಕಿದ್ದಾಗ ಪರದೆಗೆ ಬಾರದೆ, ಅದು ಅಂದಿನಿಂದ ಹಾಗೇ ಕೂತಿತ್ತು.

ಒತ್ತಿದ. ಒಣಹುಲ್ಲು. ದೂರದಲ್ಲಿ ಕೃಷ್ಣಮೃಗವೊಂದು ತಲೆಯೆತ್ತಿ ನೋಡಿ, ಪೊದೆಯಾಚೆ ಸರಿಯಿತು. ಕ್ಯಾಮೆರಾದ ಪಕ್ಕದಲ್ಲೇ, ಅವನ ಕಿವಿಯ ಹತ್ತಿರವೇ ಎಂಬಂತೆ, ದನಿ ಬಂತು.

"ಓಗ್ಬುಡ್ತು ಕಣ್ಲಾ ಕುಮಾರ. ಈಗ್ಲಾದ್ರೂ ಮಾತಾಡ್ಲೇನ್ಲಾ?"

"ಶ್."

ಅಲ್ಲಿಗೆ ವಿಡಿಯೊ ಮುಗಿಯಿತು. ಆ "ಶ್" ಅವನದೇ.

ಕುಮಾರಸ್ವಾಮಿ ಬಿಕ್ಕಿಬಿಕ್ಕಿ ಅತ್ತ. ಕಣ್ಣೊರೆಸಿಕೊಂಡು ಮತ್ತೆ ಒತ್ತಿದ. ಮೃಗ ಮತ್ತೆ ಪೊದೆಯಾಚೆ ಹೋಯಿತು, ಅಕ್ಕ ಮತ್ತೆ ಕೇಳಿದಳು. ಈ ಸಲ ಅವನು ತಡಮಾಡದೆ, ಬೀದಿಗೆ ಕೇಳಿಸುವಷ್ಟು ಜೋರಾಗಿ, "ಮಾತಾಡಕ್ಕ, ಮಾತಾಡು" ಎಂದ.

ವಿಡಿಯೊದೊಳಗಿನ ಕುಮಾರಸ್ವಾಮಿಗೆ ಅದು ಕೇಳಿಸಲಿಲ್ಲ. ಅವನು ಅಕ್ಕನನ್ನು ಸುಮ್ಮನಾಗಿಸಿದ.