ಬಿ ಬದಿಯ ಎರಡನೇ ಚರಣ

೧

ಎಲ್ಲಿಂದ ಶುರುಮಾಡಲಿ? ಮುಳ್ಳು ರೆಕಾರ್ಡಿನ ಮೇಲೆ ಇಳಿಯಿತು, ಚರಚರ ಸದ್ದು ಬಂತು, ಅಂತ ಶುರುಮಾಡಿದ್ದೆ. ಹರಿದು ಹಾಕಿದೆ. ರೆಕಾರ್ಡಿನ ಕಥೆ ಬರೆಯುವವರೆಲ್ಲ ಮುಳ್ಳಿಳಿಸಿಯೇ ಶುರುಮಾಡುತ್ತಾರೆ. ನನ್ನ ಕಥೆಯಲ್ಲಾದರೋ ಮುಳ್ಳು ಇಳಿಯುತ್ತದೋ ಇಲ್ಲವೋ ಎಂಬುದೇ ಪ್ರಶ್ನೆ. ಮೊದಲ ಸಾಲಿನಲ್ಲೇ ಇಳಿಸಿಬಿಟ್ಟರೆ ನೀವು ಕಾಫಿಗೆ ಎದ್ದು ಹೋಗುತ್ತೀರಿ.

ಆದ್ದರಿಂದ ಹೀಗೆ. ಫಿಲಡೆಲ್ಫಿಯಾದ ಜರ್ಮನ್‌ಟೌನ್ ಅವೆನ್ಯೂವಿನಲ್ಲಿ, ಜಡೆ ಹೆಣೆಯುವ ಸಲೂನಿನ ಪಕ್ಕ, ನನ್ನದೊಂದು ಹಳೇ ರೆಕಾರ್ಡಿನ ಅಂಗಡಿ. ಒಂದು ಗುರುವಾರ ಮಧ್ಯಾಹ್ನ ಡ್ವೇನ್ ಪರ್ನೆಲ್ ಒಳಗೆ ಬಂದ. ಸಿಟಿ ಬಸ್ಸಿನ ಡ್ರೈವರು, ಮೈಮೇಲೆ ಇನ್ನೂ ಯೂನಿಫಾರ್ಮು. ತೊಂಬತ್ತರ ದಶಕದಲ್ಲಿ ಹುಡುಗ ಹುಡುಗಿಯರು ಮನೆಯ ಬೇಸ್‌ಮೆಂಟಿನಲ್ಲಿ ಹಾಡಿ, ಸ್ವಂತ ದುಡ್ಡಲ್ಲಿ ಒತ್ತಿಸಿ, ಕಾರಿನ ಡಿಕ್ಕಿಯಿಂದ ಮಾರಿದ ಹಿಪ್ ಹಾಪ್ ರೆಕಾರ್ಡುಗಳೆಂದರೆ ಅವನಿಗೆ ಪ್ರಾಣ. ನಾಲ್ಕು ಜನಕ್ಕೆ ಗೊತ್ತಿರುವ ಹಾಡು ಅವನ ಪ್ರಕಾರ ಹಾಡೇ ಅಲ್ಲ. (ಯಾರಿಗೂ ಗೊತ್ತಿಲ್ಲದ್ದೇ ಶ್ರೇಷ್ಠ ಅನ್ನುವ ಈ ಕಾಯಿಲೆ ಸಾಹಿತ್ಯದಲ್ಲೂ ಇದೆ. ನನಗೂ ಇದೆ. ನನ್ನ ಪುಸ್ತಕಗಳನ್ನು ಎಷ್ಟು ಜನ ಓದಿದ್ದಾರೆ ಅಂತ ವಿಚಾರಿಸಿ, ತಿಳಿಯುತ್ತದೆ.)

ಕೌಂಟರಿನ ಮೇಲೆ ಮೊದಲು ಬಿಳಿ ಟವೆಲ್ ಹಾಸಿದ. ಅದರ ಮೇಲೆ ರೆಕಾರ್ಡು ಇಟ್ಟ. ಸೆಲ್ಲರ್ ಕಸಿನ್ಸ್ ಅನ್ನುವ ತಂಡದ್ದು, ೧೯೯೪. ಕಾರ್ಖಾನೆಯಲ್ಲಿ ಹೊದಿಸಿದ ಪ್ಲಾಸ್ಟಿಕ್ ಕೂಡ ಹರಿದಿಲ್ಲ. ಎಲ್ಲಿ ಸಿಕ್ಕಿತು ಅಂತ ನಾನು ಕೇಳಲಿಲ್ಲ. ನಮ್ಮಲ್ಲಿ ಅದನ್ನು ಕೇಳುವ ಪದ್ಧತಿಯಿಲ್ಲ, ಕೇಳಿದರೂ ನಿಜ ಹೇಳುವ ಪದ್ಧತಿಯಿಲ್ಲ.

"ನೋಡು ಹಳೇಹುಲಿ. ಬರೀ ನೋಡು, ಮುಟ್ಬೇಡ." (ಈ ಊರಲ್ಲಿ ತಲೆ ನೆರೆತ ಗಂಡಸರನ್ನು ಕರೆಯುವುದೇ ಹಾಗೆ.)

"ಕೇಳಿದ್ಯಾ?"

"ಸೀಲ್ ಯಾರಾದ್ರೂ ಒಡೀತಾರಾ? ತಲೆ ನೆಟ್ಟಗಿದ್ಯಾ ನಿಂಗೆ? ಇನ್ನೊಂದು ಪ್ರತಿ ಸಿಕ್ಕಿದ್ಮೇಲೆ ಅದನ್ನ ಕೇಳ್ತೀನಿ. ಇದು ಹೀಗೇ ಇರತ್ತೆ."

ಇನ್ನೊಂದು ಪ್ರತಿ ಸಿಗುವುದಿಲ್ಲ. ಅದು ಅವನಿಗೂ ಗೊತ್ತು. ಒತ್ತಿಸಿದ್ದೇ ಕೆಲವು ನೂರು, ಮಾರಾಟವಾಗದೆ ಉಳಿದವೆಲ್ಲ ಯಾರದೋ ಬೇಸ್‌ಮೆಂಟಿಗೆ ನೀರು ನುಗ್ಗಿದಾಗ ಹಪ್ಪಳದ ಹಾಗೆ ಸೊಟ್ಟಗಾದವು.

ಅಷ್ಟರಲ್ಲಿ ಶರ್ಮೇನ್ ಟಾಲಿವರ್ ಒಳಗೆ ಬಂದಳು. ಐವತ್ತರ ಆಸುಪಾಸಿನ ಹೆಂಗಸು, ಹಿಂದಿನ ಬೀದಿಯಲ್ಲಿ ಮಕ್ಕಳ ಡೇಕೇರ್ ನಡೆಸುತ್ತಾಳೆ. ಆ ಪ್ಲಾಸ್ಟಿಕ್ಕಿನೊಳಗೆ ಇರುವ ದನಿಗಳಲ್ಲಿ ಒಂದು ಅವಳದು.

೨ (ಕೈಬಿಟ್ಟದ್ದು)

ಇಲ್ಲಿ ನಾನೊಂದು ಜಾಣತನ ಮಾಡಿದೆ. ಅವಳಿಗೆ ಗಂಟಲಿನ ಕಾಯಿಲೆ ಕೊಟ್ಟೆ. ಆಪರೇಷನ್ ಆಗಿ ದನಿ ಹೋಗಿದೆ. ಹರೆಯದ ತನ್ನ ದನಿಯನ್ನು ಒಮ್ಮೆ, ಒಂದೇ ಒಂದು ಸಲ, ಕೇಳಬೇಕೆಂದು ಕೈಸನ್ನೆಯಲ್ಲಿ ಬೇಡುತ್ತಾಳೆ. ಬರೆಯುತ್ತ ನನಗೇ ಕಣ್ಣು ತುಂಬಿ ಬಂತು. ಪ್ರಶಸ್ತಿ ಗ್ಯಾರಂಟಿ ಅನ್ನಿಸಿತು.

"ಏನಿದು?" ಅಂದಳು ಶರ್ಮೇನ್. (ದನಿ ಹೋದವಳು. ಗಮನಿಸಿ.)

"ಓದೋರಿಗೆ ಸ್ವಲ್ಪ ಕರುಳು ಚುರುಕ್ ಅನ್ಲಿ ಅಂತ..."

"ಅವರ ಕರುಳಿಗೆ ನನ್ನ ಗಂಟಲು ಯಾಕೆ ಕೊಯ್ದೆ? ಒಂದು ಡೇಕೇರ್ ತುಂಬಾ ಮಕ್ಕಳನ್ನ ದಿನಾ ಇದೇ ಗಂಟಲಲ್ಲಿ ಗದರಿಸಿ ಕೂರಿಸ್ತೀನಿ. ವಾಪಸ್ ಕೊಡು."

"ಹಾಗಾದ್ರೆ ನಿಂಗೆ ಈ ರೆಕಾರ್ಡು ಯಾಕೆ ಬೇಕು? ಕಾರಣ ಬೇಕಲ್ಲ ಕಥೆಗೆ?"

"ಕೇಳಿದ್ರೆ ಹೇಳ್ತಿದ್ದೆ. ನೀನೆಲ್ಲಿ ಕೇಳ್ದೆ?"

ಗಂಟಲು ವಾಪಸ್ ಕೊಟ್ಟೆ. ಕೇಳಿದೆ.

೩

ಕಾರಣ ಇದು. ಸೆಲ್ಲರ್ ಕಸಿನ್ಸ್, ನೆಲಮಾಳಿಗೆಯ ಕಸಿನ್ಸ್, ಅಂದರೆ ಇಬ್ಬರೇ: ಎಲ್ರಾಯ್ ಬಟ್ಸ್ ಮತ್ತು ಶರ್ಮೇನ್. ರೆಕಾರ್ಡಿನ ಎ ಬದಿಯಲ್ಲಿರುವುದು ರೇಡಿಯೋದವರಿಗಾಗಿ ಮೊಟಕು ಮಾಡಿದ ಹಾಡು. ಎಲ್ರಾಯನ ಮೊದಲ ಚರಣ, ಶರ್ಮೇನಳ ಪಲ್ಲವಿ, ಮುಗಿಯಿತು. ಯಾರೋ ಕ್ಯಾಸೆಟ್ಟಿಗೆ ಹಿಡಿದುಕೊಂಡಿದ್ದ ಆ ಮೊಟಕು ಹಾಡೇ ಈಗ ಇಂಟರ್ನೆಟ್ಟಿನಲ್ಲಿ ಓಡಾಡುತ್ತಿರುವುದು. ಬಿ ಬದಿಯಲ್ಲಿ ಪೂರ್ತಿ ಹಾಡಿದೆ. ಅಲ್ಲಿ ಎರಡನೇ ಚರಣವಿದೆ. ಅದನ್ನು ಬರೆದವಳೂ ಹೇಳಿದವಳೂ ಶರ್ಮೇನ್. ಆದರೆ ಲೇಬಲ್ ಅಚ್ಚು ಹಾಕಿಸಲು ಹೋದವನು ಎಲ್ರಾಯ್, ಹಾಗಾಗಿ ಅದರ ಮೇಲೆ ಸಾಹಿತ್ಯವೆಲ್ಲ ಎಲ್ರಾಯ್ ಬಟ್ಸ್ ಅಂತಲೇ ಇದೆ.

ಈ ಶನಿವಾರ ನಮ್ಮ ಬ್ಲಾಕ್ ಪಾರ್ಟಿ. ಬೀದಿಯ ಎರಡೂ ತುದಿಗೆ ಮರದ ಅಡ್ಡೆ ಇಟ್ಟು, ಒಲೆ ಹಚ್ಚಿ, ದೊಡ್ಡ ಸ್ಪೀಕರು ಇಳಿಸುತ್ತಾರೆ. ಎಲ್ರಾಯ್ ಬರುತ್ತಾನಂತೆ. ಎರಡೂ ಚರಣ ತಾನೇ ಹೇಳುತ್ತಾನಂತೆ. ಪೋಸ್ಟರು ನನ್ನ ಕಿಟಕಿಯಲ್ಲೇ ಇದೆ. ಕೆಳಗೆ ಸಣ್ಣಕ್ಷರದಲ್ಲಿ: ಪಲ್ಲವಿಗೆ ಶರ್ಮೇನ್.

ಅವಳು ಫೋನ್ ಮಾಡಿ ಜಗಳ ಆಡಿದಳು. ಅವನು ನಕ್ಕ. "ಅದು ನಂದೇ ಕಣೇ, ನಿಂಗೆ ಮರೆವು. ಇದ್ರೆ ರೆಕಾರ್ಡು ತಂದು ತೋರ್ಸು," ಅಂದ. ಅವಳ ಪ್ರತಿ ಮೊದಲನೇ ಗಂಡನ ಜೊತೆಯಲ್ಲೇ ಮನೆ ಬಿಟ್ಟಿತ್ತು. "ಅವನು ಹೋದಾಗ ಕೇಕ್ ತಂದು ತಿಂದೆ. ಅತ್ತಿದ್ದು ರೆಕಾರ್ಡಿಗೆ," ಅಂತ ನನ್ನ ಹತ್ತಿರ ಹೇಳಿದ್ದಳು.

ಈಗ ಆ ರೆಕಾರ್ಡು ಅವಳ ಮೂಗಿನ ಮುಂದೆ, ಟವೆಲ್ಲಿನ ಮೇಲೆ ಕೂತಿದೆ.

೪

"ಡ್ವೇನ್, ಅದನ್ನ ಬಿಚ್ಚಪ್ಪಾ."

ಡ್ವೇನ್ ರೆಕಾರ್ಡನ್ನು ಎದೆಗೆ ಅವುಚಿಕೊಂಡ. "ಮಿಸ್ ಶರ್ಮೇನ್, ನಿಮ್ಮ ಮೇಲೆ ನಂಗೆ ಎಷ್ಟು ಗೌರವ ಅಂತ ನಿಮಗೇ ಗೊತ್ತು. ನೀವು ಹೇಳಿದ್ರೆ ನಾನು ನಂಬ್ತೀನಿ. ಬಿಚ್ಚೋದ್ಯಾಕೆ?"

"ನೀನೊಬ್ಬ ನಂಬಿದ್ರೆ ಏನು ಬಂತು? ಲೇಬಲ್ ಏನೇ ಹೇಳ್ಲಿ, ಬೀದಿ ನನ್ನ ದನಿ ಕೇಳಿ ನಂಬಬೇಕು."

"ಸೀಲ್ ಹೋದ್ರೆ ಹೋಯ್ತು. ಮತ್ತೆ ಬರಲ್ಲ."

"ಒಳಗಿರೋದು ನನ್ನ ಮಾತು ಕಣೋ. ಜನಕ್ಕೆ ಕೇಳ್ಲಿ ಅಂತ ಹೇಳಿದ್ದು. ನೀನು ಉಪ್ಪಿನಕಾಯಿ ಹಾಕಿ ಇಟ್ಕೊಂಡಿದ್ದೀಯಲ್ಲ!"

ಡ್ವೇನ್ ನನ್ನ ಕಡೆ ನೋಡಿದ. ನಾನು ಬರೆಯುವವನು, ಏನಾದರೂ ದಾರಿ ತೋರಿಸುತ್ತೇನೆ ಅಂತ ನಂಬಿದ್ದ, ಪಾಪ.

೫ (ಒಂದು ಮುಕ್ತಾಯ)

ತೋರಿಸಿದೆ. ಭರ್ಜರಿ ತಿರುವು. ಡ್ವೇನ್ ಸೀಲ್ ಒಡೆಯುತ್ತಾನೆ, ಒಳಗಿರುವುದು ಬೇರೆಯೇ ರೆಕಾರ್ಡು: ಯಾವುದೋ ಚರ್ಚಿನ ಭಕ್ತಿಗೀತೆ. ಸಣ್ಣ ಕಾರ್ಖಾನೆ, ಒಂದೇ ದಿನ ಎರಡನ್ನೂ ಒತ್ತಿದ್ದರು, ಹೊದಿಕೆ ಅದಲುಬದಲು. ಶರ್ಮೇನಳ ಚರಣ ಇಷ್ಟು ವರ್ಷ ಯಾವುದೋ ಅಜ್ಜಿಯ ಕಪಾಟಿನಲ್ಲಿ, ಕ್ರಿಸ್‌ಮಸ್ ಹಾಡುಗಳ ನಡುವೆ...

"ಅಬ್ಬಾ, ಅದು ಇನ್ನೂ ಅಪರೂಪದ್ದು!" ಡ್ವೇನನ ಕಣ್ಣು ಹೊಳೆಯಿತು. "ಹಾಗೇ ಬರಿ ಹಳೇಹುಲಿ, ಹಾಗೇ ಬರಿ."

ಶರ್ಮೇನ್ ಮಾತ್ರ ನಗಲಿಲ್ಲ. "ನಾನು ಸಿಗಬಾರದು ಅಂತ ನಿಂಗೆ ಆಸೆ, ಅಲ್ವಾ? ಕಳೆದುಹೋದ ಹೆಂಗಸು ಅಂದ್ರೆ ಕಥೆ ಚೆನ್ನಾಗಿ ಕಾಣತ್ತೆ."

"ಹಾಗಲ್ಲ ಶರ್ಮೇನ್..."

"ಮೊದಲು ಗಂಟಲು ಕಿತ್ಕೊಂಡೆ. ಈಗ ರೆಕಾರ್ಡೇ ಕಿತ್ಕೊಂಡೆ. ಅದೂ ನಂಗೆ ಓದೋಕೆ ಬಾರದ ಭಾಷೇಲಿ. ಈ ಕಥೆ ಮೇಲೆ ಯಾರ ಹೆಸರು ಹಾಕ್ತೀಯ?"

"ನಂದು," ಅಂದೆ.

"ಇನ್ನೊಬ್ಬ ಎಲ್ರಾಯ್," ಅಂದಳು ಡ್ವೇನನಿಗೆ, ನಾನು ಅಲ್ಲಿ ಇಲ್ಲವೇ ಇಲ್ಲ ಅನ್ನುವ ಹಾಗೆ.

ನನಗೆ ಅವಮಾನವಾಯಿತು. ಭಕ್ತಿಗೀತೆ ಅಳಿಸಿದೆ. (ಒಳ್ಳೆಯ ತಿರುವಾಗಿತ್ತು. ಬೇಕಾದವರು ಎತ್ತಿಕೊಂಡು ಹೋಗಿ.)

೬ (ಇನ್ನೊಂದು ಮುಕ್ತಾಯ)

ಡ್ವೇನ್ ಟವೆಲ್ ಮಡಚಿಕೊಂಡು ಡ್ಯೂಟಿಗೆ ಹೋದ. ಶನಿವಾರ ಎಲ್ರಾಯ್ ಎರಡೂ ಚರಣ ಹೇಳಿದ. ಜನ ಕುಣಿದರು. ಶರ್ಮೇನ್ ಪಲ್ಲವಿ ಹಾಡಿದಳು.

(ನಿಜವಾಗಿ ಹೀಗೇ ಆಗುವುದು. ಅದಕ್ಕೇ ಬೇಡ.)

೭

ಮುಂದಿನದನ್ನು ಅವಳಿಗೇ ಬಿಟ್ಟೆ. ಶರ್ಮೇನ್ ಕೌಂಟರಿಗೆ ಮೊಣಕೈ ಊರಿ, ದನಿ ತಗ್ಗಿಸಿದಳು. ಗದರಿಕೆಗೂ ಬಗ್ಗದ ಡೇಕೇರಿನ ಹಠಮಾರಿಗಳ ಹತ್ತಿರ ಅವಳು ಮಾತಾಡುವುದೇ ಹೀಗೆ.

"ಡ್ವೇನ್, ಈ ರೆಕಾರ್ಡಿನ ಬಗ್ಗೆ ನಿಂಗೆ ಎಲ್ಲಾ ಗೊತ್ತು, ಅಲ್ವಾ?"

"ಎಲ್ಲಾ!" ಅವನು ಉಬ್ಬಿದ. "ಎಲ್ಲಿ ಒತ್ತಿದ್ರು, ಯಾವ ರಟ್ಟು, ಲೇಬಲ್ಲಿನ ನೀಲಿ ಯಾಕೆ ಮಾಸಲು, ಎಲ್ಲಾ."

"ಬಿ ಬದೀಲಿ ನಮ್ಮ ಚಿಕ್ಕಮ್ಮ ಇದ್ದಾಳೆ. ಅದು?"

"ಯಾವ ಚಿಕ್ಕಮ್ಮ?"

"ಲುಸಿಲ್ ಚಿಕ್ಕಮ್ಮ. ಅವಳ ಮನೆ ಬೇಸ್‌ಮೆಂಟಲ್ಲೇ ನಾವು ಹಾಡಿದ್ದು. ಎಲ್ರಾಯ್ ತನ್ನ ಚರಣ ಮುಗಿಸಿ ಸ್ಯಾಂಡ್‌ವಿಚ್ ತರೋಕೆ ಹೋದ. ನಾನು ಇನ್ನೇನು ಬಾಯಿ ತೆಗೀಬೇಕು, ಚಿಕ್ಕಮ್ಮ ದಡದಡ ಇಳಿದು ಬಂದ್ಲು. 'ನಿಮ್ಮ ರೆಕಾರ್ಡು ಗಿಕಾರ್ಡು ನಂಗೊತ್ತಿಲ್ಲ, ನಾಳೆ ಚರ್ಚಿಗೆ ಮೇಜುಬಟ್ಟೆ ಬೇಕು' ಅಂತ ಎಲ್ಲಾ ಒಂದೇ ಕಡೆ ತುರುಕಿ ವಾಷಿಂಗ್ ಮೆಷಿನ್ ಹಾಕಿದ್ಲು. ಅದು ಧಡ್ ಧಡ್ ಅಂತ ಕುಣಿಯೋಕೆ ಶುರುಮಾಡ್ತು. ಟೇಪು ಓಡ್ತಾ ಇದೆ, ಬೇರೆ ಟೇಪಿಲ್ಲ. ನಾನ್ಯಾಕೆ ನಿಲ್ಲಿಸ್ಲಿ? ಅದರ ತಾಳಕ್ಕೇ ಹೇಳಿದೆ."

ಡ್ವೇನ್ ರೆಕಾರ್ಡನ್ನು ಎದೆಯಿಂದ ದೂರ ಹಿಡಿದ. "ಇದರಲ್ಲಿ... ವಾಷಿಂಗ್ ಮೆಷಿನ್ ಇದ್ಯಾ?"

"ಮೊದಲು ಅದು. ಹಿಂದೆ ನಾನು."

ಈ ಸಂಗ್ರಹಕಾರರು ಹಸಿವು ತಡೆಯುತ್ತಾರೆ, ಮನೆಯವರ ಬೈಗುಳ ತಡೆಯುತ್ತಾರೆ. ತಮ್ಮ ರೆಕಾರ್ಡಿನ ಬಗ್ಗೆ ತಮಗೆ ಗೊತ್ತಿಲ್ಲದ್ದೊಂದು ಇನ್ನೊಬ್ಬರಿಗೆ ಗೊತ್ತಿದೆ ಅಂದರೆ ಮಾತ್ರ ತಡೆಯಲಾರರು. ಡ್ವೇನ್ ರೆಕಾರ್ಡನ್ನು ಬೆಳಕಿಗೆ ಹಿಡಿದು ನೋಡಿದ. ಕಿವಿಗೂ ಹಿಡಿದು ನೋಡಿದ. (ನಾನು ಸೇರಿಸಿದ್ದಲ್ಲ, ಆಣೆಗೂ.)

"ಸುಳ್ಳು ಹೇಳ್ತಿಲ್ಲ ತಾನೆ?"

"ಸುಳ್ಳಾದ್ರೆ ಶನಿವಾರ ಬಾಯಿ ಮುಚ್ಕೊಂಡು ಎಲ್ರಾಯ್ ಹಿಂದೆ ನಿಂತ್ಕೊಳ್ತೀನಿ."

ರೆಕಾರ್ಡು ಮತ್ತೆ ಟವೆಲ್ಲಿನ ಮೇಲೆ ಬಂತು. ಆಮೇಲೆ ಡ್ವೇನ್, "ಹಳೇಹುಲಿ, ಬ್ಲೇಡ್ ಕೊಡು," ಅಂದ. ಕೊಟ್ಟೆ. ರೆಕಾರ್ಡು ಹೊರಬರುವ ಅಂಚಿನಲ್ಲಿ ಮಾತ್ರ, ಗೆರೆ ಎಳೆದ ಹಾಗೆ ಸೀಳಿದ. ಕಣ್ಣಲ್ಲಿ ನೀರು ಬಂದದ್ದನ್ನು ಅವನು ಮುಚ್ಚಿಡಲೂ ಇಲ್ಲ.

೮

ಮುಳ್ಳಿಗೆ ಕೈ ಹಾಕಿದೆ. ಅಂಗಡಿ ನನ್ನದು, ಕಥೆ ನನ್ನದು.

"ಕೈ ತೆಗಿ," ಅಂದಳು ಶರ್ಮೇನ್.

ತೆಗೆದೆ. ಬಿ ಬದಿ. ಅವಳೇ ಇಳಿಸಿದಳು. ಚರಚರ ಸದ್ದು. (ಬಂತು ನೋಡಿ, ಕೊನೆಗೂ.) ಎಲ್ರಾಯನ ಮೊದಲ ಚರಣ. ಚೆನ್ನಾಗಿಯೇ ಹೇಳಿದ್ದಾನೆ, ಒಪ್ಪಬೇಕು. ಪಲ್ಲವಿ. ಆಮೇಲೆ ಡ್ರಮ್ಮಿನ ಹಿಂದಿನಿಂದ, ಧಡ್. ಧಡ್. ಡ್ವೇನ್ ತಲೆಯ ಮೇಲಿನ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

"ಮೇಜುಬಟ್ಟೆ," ಅಂದ, ಪಿಸುದನಿಯಲ್ಲಿ.

ಆಮೇಲೆ ಅವಳು ಬಂದಳು.

ಆ ಎರಡನೇ ಚರಣ ನನ್ನ ಹತ್ತಿರ ಬರೆದು ತಯಾರಿದೆ. ಇದೇ ಜಾಗಕ್ಕೆ ಅಂತ ಮೊನ್ನೆಯೇ ಕೂತು ಕಟ್ಟಿದ್ದೆ, ಕನ್ನಡದಲ್ಲಿ, ಆದಿಪ್ರಾಸ ಅಂತ್ಯಪ್ರಾಸ ಎರಡೂ ಇಟ್ಟು. ಸೊಗಸಾಗಿ ಬಂದಿತ್ತು ಅಂತ ನಾಚಿಕೆಯಿಲ್ಲದೆ ಹೇಳುತ್ತೇನೆ. ಹಾಕುವುದಿಲ್ಲ. ಹಾಕಿದರೆ ನೀವು ಮೆಚ್ಚುತ್ತೀರಿ, ಮೇಲೆ ನನ್ನ ಹೆಸರಿರುತ್ತದೆ. ಲೇಬಲ್ಲಿನ ಮೇಲೆ ಎಲ್ರಾಯನ ಹೆಸರು ಇದ್ದದ್ದೂ ಹಾಗೆಯೇ.

ಶನಿವಾರ ಏನಾಯಿತು, ಮೈಕು ಯಾರ ಕೈಗೆ ಬಂತು, ಡ್ವೇನ್ ತನ್ನ ರೆಕಾರ್ಡನ್ನು ಬೀದಿಗೆ ತಂದನೇ ಅಂತ ಕೇಳಬೇಡಿ. ಬರೆಯಲು ಬರುತ್ತದೆ, ಬರೆಯುವುದಿಲ್ಲ. ಇಷ್ಟು ಮಾತ್ರ ಹೇಳಬಲ್ಲೆ. ಗುರುವಾರ ಹೊರಡುವ ಮೊದಲು ಶರ್ಮೇನ್ ನನ್ನ ಕೌಂಟರಿನ ಮಾರ್ಕರ್ ಎತ್ತಿಕೊಂಡು, ಕಿಟಕಿಯ ಪೋಸ್ಟರಿನಲ್ಲಿ 'ಪಲ್ಲವಿಗೆ' ಅನ್ನುವುದನ್ನು ಹೊಡೆದು ಹಾಕಿದಳು. ಮಾರ್ಕರಿನ ಮುಚ್ಚಳ ಹಾಕುತ್ತ ನನ್ನ ಹಾಳೆಗಳ ಮೇಲೆ ಬಗ್ಗಿದಳು.

"ಇದರಲ್ಲಿ ನನ್ನ ಚರಣ ಎಲ್ಲಿ ಬರತ್ತೆ?"

"ಇಲ್ಲಿ," ಅಂತ ತೋರಿಸಿದೆ.

"ಹಾಗಾದ್ರೆ ಜಾಗ ಬಿಡು," ಅಂದಳು.

ಬಿಟ್ಟಿದ್ದೇನೆ.