ಕುಂಕುಮದ ಟ್ರೇ

“ನನಗ ಎಣಿಸಾಕ ಬರೂದಿಲ್ಲಂತ!” ಸುವರ್ಣಾ ಮೆಮೊವನ್ನು ಮೇಜಿನ ಮೇಲೆ ಕುಕ್ಕಿದಳು. “ಹನ್ನೊಂದು ವರ್ಷ ಎಣಿಸಿ ಎಣಿಸಿ ಕಣ್ಣು ಹಾಳ ಮಾಡ್ಕೊಂಡಾಕಿಗೆ!”

ಸನತ್‌ನಗರದ ಆ ಲ್ಯಾಬು ಮಾರುತ್ತಿದ್ದದ್ದು ಬ್ಯಾಕ್ಟೀರಿಯಾ. ಪುಟ್ಟ ಗಾಜಿನ ವಯಲ್‌ಗಳಲ್ಲಿ ತುಂಬಿ ಒಣಗಿಸಿದ್ದು; ಒಂದೊಂದರಲ್ಲೂ ನೂರರ ಆಸುಪಾಸು ಜೀವಂತ ಇರಲೇಬೇಕು. ನೀರು, ಹಾಲು ಪರೀಕ್ಷಿಸುವವರು ತಮ್ಮ ಪರೀಕ್ಷೆ ಸರಿಯೋ ತಪ್ಪೋ ಎಂದು ನೋಡುವುದು ಇದನ್ನೇ ನಂಬಿ. ಪ್ರತಿ ಬ್ಯಾಚಿನ ಹತ್ತು ವಯಲ್ ಪ್ಲೇಟಿನಲ್ಲಿ ಬೆಳೆಸಿ, ಒಂದು ಜೀವಕ್ಕೆ ಒಂದರಂತೆ ಮೂಡಿದ ಚುಕ್ಕಿ ಎಣಿಸಿ, ಸರ್ಟಿಫಿಕೇಟಿಗೆ ಸಹಿ ಹಾಕುವವಳು ಸುವರ್ಣಾ. ಈಗ ಮೂವರು ಗಿರಾಕಿಗಳು ನೂರೆಲ್ಲಿ, ನಲವತ್ತೂ ಇಲ್ಲ ಎಂದು ಬರೆದಿದ್ದರು. ಶುಕ್ರವಾರದೊಳಗೆ ಉತ್ತರ ಕೊಡು, ಇಲ್ಲವೇ ಕೆಲಸ ಬಿಡು ಎಂದು ಮೆಮೊ ಕೊಟ್ಟಿದ್ದ ಮಾಲೀಕ ಭರತ.

“ಬಿಡವಾ, ಸಿಟ್ಟ ಮಾಡ್ಕೋಬ್ಯಾಡ” ಎಂದ ಸೂರ್ಯಕಾಂತ. ವಿಜಯಪುರದ ಕಡೆಯವ, ಅರವತ್ತಕ್ಕೆ ಬಂದಿದ್ದ. ಫ್ಲಾಸ್ಕಿನ ದ್ರವದಿಂದ ವಯಲ್ ತುಂಬುವವನೂ ಅವನೇ, ಪರೀಕ್ಷೆಗೆ ಹತ್ತು ತಂದುಕೊಡುವವನೂ ಅವನೇ. ಅವಳನ್ನು ಈ ಕೆಲಸಕ್ಕೆ ಸೇರಿಸಿದವನೂ ಅವನೇ. “ಮತ್ತ ಹತ್ತು ತರ್ತೀನಿ, ಎಣಿಸಿ ತೋರಿಸು.”

“ಬ್ಯಾಡ ಕಾಕಾ, ನಾನ ತರ್ತೀನಿ.”

ಎಂಟೂ ಟ್ರೇಗಳಿಂದ ಯಾವ ಹತ್ತು ತೆಗೆಯಬೇಕೆಂದು ಕಂಪ್ಯೂಟರು ಚೀಟಿ ಕೊಡುತ್ತದೆ. ವಯಲಿನ ಮೇಲೆ ನಂಬರಿಲ್ಲ. ಟ್ರೇಯಲ್ಲಿ ಕೂತ ಜಾಗವೇ ನಂಬರು. ಮೊನ್ನೆ ತಾನೇ ಪಾಸು ಮಾಡಿದ್ದ ಬ್ಯಾಚಿನ ಎಂಟು ಟ್ರೇಗಳನ್ನು ಸುವರ್ಣಾ ಫ್ರೀಜರಿನಿಂದ ಎಳೆದಳು. ಮೊದಲನೆಯದರ ಅಂಚಿನಲ್ಲಿ ಕುಂಕುಮದ ಬೊಟ್ಟು, ಒಳಗೆ ಹತ್ತು ಖಾಲಿ ಕುಳಿ. ಉಳಿದ ಏಳರಲ್ಲಿ ಒಂದೂ ಖಾಲಿಯಿಲ್ಲ.

“ಕಾಕಾ! ಇದೇನ್ರಿ ಇದು? ಚೀಟಿ ಯಾತಕ್ಕ ಕೊಡ್ತೀನ್ರಿ ನಿಮಗ?”

ಸೂರ್ಯಕಾಂತ ತಲೆ ಕೆರೆದುಕೊಂಡ. “ಪ್ರತಿ ಸಲ ಮೊದಲ ತುಂಬಿ ಪೂಜಾ ಮಾಡೂ ಟ್ರೇ ಅದು. ಹಿಂದ ಒಮ್ಮಿ ಚೀಟಿ ನೋಡೇ ತಗದಿದ್ದೆ. ಫೇಲಾತು. ಸಾಹೇಬ ನಿನ್ನ ಎಲ್ಲಾರ ಮುಂದ ಬೈದ, ನೀ ಭಾಳ ಅತ್ತಿ. ಅವತ್ತಿಂದ ಇದರಾಗಿನವನ್ನೇ ಕೊಡಾಕತ್ತೀನಿ. ಒಂದರೆ ಫೇಲಾಗೇತೇನು?”

ಅಯ್ಯೋ ದೇವರೇ! ಕಿರುಚಬೇಕೋ ನಗಬೇಕೋ ಅವಳಿಗೆ ತಿಳಿಯಲಿಲ್ಲ. ಮೊದಲು ತುಂಬಿದ ಟ್ರೇ ಕೂಡಲೇ ತಂಪು ಸೇರುತ್ತದೆ, ಪಾಸಾಗದೆ ಏನು! ಎಂಟನೆಯದರ ಸರದಿ ಬರುವಷ್ಟರಲ್ಲಿ ಫ್ಲಾಸ್ಕಿನಲ್ಲಿ ಉಳಿದವು ಆಹಾರವಿಲ್ಲದೆ ಎರಡು ತಾಸು ಸೆಕೆಯಲ್ಲಿ ಬೆಂದು ಅರ್ಧಕ್ಕಿಂತ ಹೆಚ್ಚು ಸತ್ತಿರುತ್ತವೆ. ಅದನ್ನು ಹಿಡಿಯಲೆಂದೇ ಇದ್ದ ಚೀಟಿಯನ್ನು ಈ ಪುಣ್ಯಾತ್ಮ ಅವಳ ಮೇಲಿನ ಅಕ್ಕರೆಗೆ ಕಸದ ಬುಟ್ಟಿಗೆ ಹಾಕಿದ್ದ!

ಚೀಟಿಯಂತೆ ಹತ್ತು ತೆಗೆದು ಬೆಳೆಯಲು ಇಟ್ಟಳು. ಮರುದಿನ ಎಂಟನೇ ಟ್ರೇಯ ಪ್ಲೇಟನ್ನು ಅವನತ್ತ ತಳ್ಳಿದಳು.

“ನೀವ ಎಣಿಸ್ರಿ. ನನಗ ಬರೂದಿಲ್ಲಲ್ಲ.”

ಅವನು ಕನ್ನಡಕ ಏರಿಸಿ, ಒಂದೊಂದು ಚುಕ್ಕಿಗೂ ಪೆನ್ನು ತಾಗಿಸುತ್ತ ಎಣಿಸಿದ. ಮೂವತ್ತೆಂಟಕ್ಕೆ ನಿಂತ. ಪ್ಲೇಟನ್ನು ಬೆಳಕಿಗೆ ಹಿಡಿದು ಹುಡುಕಿದ.

“ಮತ್ತೊಮ್ಮಿ ಎಣಿಸ್ಲೇನವಾ?”

“ಎಣಿಸ್ರಿ.”

ಮತ್ತೆ ಮೂವತ್ತೆಂಟೇ. ಪ್ಲೇಟನ್ನು ಕೆಳಗಿಟ್ಟ. ಆಮೇಲೆ ಮೆಮೊವನ್ನು ತನ್ನ ಕಡೆ ಎಳೆದುಕೊಂಡು, ಅವಳ ಉತ್ತರಕ್ಕೆಂದು ಬಿಟ್ಟಿದ್ದ ಜಾಗದಲ್ಲಿ ತಪ್ಪು ತನ್ನದೆಂದು ತಾನೇ ಬರೆದು ಸಹಿ ಹಾಕಿದ. ಅವಳು ತಡೆಯಲಿಲ್ಲ, ತಡೆಯದ್ದಕ್ಕೆ ತನ್ನ ಮೇಲೇ ಸಿಟ್ಟು ಬಂತು.

ಭರತ ಆ ಬ್ಯಾಚನ್ನೆಲ್ಲ ಸುಡಿಸಿದ. ಸೂರ್ಯಕಾಂತನಿಗೆ ತಿಂಗಳ ನೋಟಿಸು ಸಿಕ್ಕಿತು.

ಸೋಮವಾರ ಹೊಸ ಬ್ಯಾಚು. ಫ್ಲಾಸ್ಕಿನ ಸುತ್ತ ಇಡಲು ಸುವರ್ಣಾ ಮಂಜುಗಡ್ಡೆ ತಂದಳು. ಸೂರ್ಯಕಾಂತ ಆಗಲೇ ಬಂದಿದ್ದ. ಕುಂಕುಮದ ಭರಣಿ ಹಿಡಿದು, ಎಂಟೂ ಟ್ರೇಗಳಿಗೆ ಒಂದೊಂದಾಗಿ ಬೊಟ್ಟಿಡುತ್ತಿದ್ದ.