ದೇವರ ಕೋಣೆಗೆ ಹೋದ ಸ್ಪೀಕರ್

ಇಳಕಲ್ಲಿನ ಅಂದಾನಪ್ಪನಿಗೆ ತಂದೆ ಬಿಟ್ಟುಹೋದದ್ದು ಸೀರೆಯ ಅಂಗಡಿ. ಹತ್ತಿದ ಹುಚ್ಚು ಮಾತ್ರ ಧ್ವನಿಯದು. ಬಾಗಲಕೋಟೆಯ ಕಾಲೇಜಿನಲ್ಲಿ ತಗುಲಿದ ಆ ಹುಚ್ಚಿಗೆ ಮನೆಯ ಕಟ್ಟೆಯ ಪಕ್ಕದ ಕೋಣೆ ಬಲಿಯಾಯಿತು. ಅಲ್ಲಿದ್ದ ಸೀರೆಯ ಗಂಟುಗಳನ್ನು ಅಟ್ಟಕ್ಕೆ ಸಾಗಿಸಿ, ಅಜ್ಜಿ ಹೊಲಿದ ಕೌದಿಗಳನ್ನು ಗೋಡೆಗೆಲ್ಲ ಮೊಳೆ ಹೊಡೆದು ತೂಗುಹಾಕಿ, ಮುಂಬಯಿಯಿಂದ ತರಿಸಿದ ಟೇಪ್ ರೆಕಾರ್ಡರನ್ನು ಮೇಜಿನ ಮೇಲಿಟ್ಟು ಅದನ್ನು ಸ್ಟುಡಿಯೋ ಎಂದು ಕರೆದ. ಎಂಬತ್ತಮೂರರ ಸುಮಾರು, ಬಸ್ ಸ್ಟ್ಯಾಂಡಿನ ಚಹಾದಂಗಡಿಗಳಲ್ಲೆಲ್ಲ ಕ್ಯಾಸೆಟ್ಟು ಕೂಗುತ್ತಿದ್ದ ಕಾಲ.

ಆ ದಿನ ಆ ಕೋಣೆಯಲ್ಲಿ ಎಲೆಕ್ಟ್ರಿಕ್ ಆರ್ಗನ್ನಿನ ಮುಂದೆ ಕುಳಿತವನು ಹನಮಪ್ಪ. ಊರ ಹೊರಗಿನ ಕೇರಿಯವನು, ಹಲಗೆ ಬಾರಿಸುವ ಮನೆತನದವನು. ಮುಂಬಯಿಯ ಹೋಟೆಲೊಂದರಲ್ಲಿ ವಾದ್ಯದವರ ಸಾಮಾನು ಹೊರುತ್ತ ಹೊರುತ್ತಲೇ ಆರ್ಗನ್ ಕಲಿತು ಬಂದಿದ್ದ. ಈಗ ಹುನಗುಂದದಲ್ಲಿ ಬೀಡುಬಿಟ್ಟಿದ್ದ ನಾಟಕ ಕಂಪನಿಯಲ್ಲಿ ಅದನ್ನು ನುಡಿಸುತ್ತಿದ್ದ. ಆರ್ಗನ್ ಕಂಪನಿಯದು. ಅದಕ್ಕೆ ಜೋಡಿಸುವ ಸ್ಪೀಕರ್ ಮಾತ್ರ ಅವನ ಸ್ವಂತದ್ದು, ಅವನೇ ಕಟ್ಟಿದ್ದು. ಸಾಗವಾನಿಯ ದೊಡ್ಡ ಪೆಟ್ಟಿಗೆ. ಒಳಗೆ ಬಾಯಿ ಮೇಲೆ ಮಾಡಿ ಕೂಡಿಸಿದ ಸ್ಪೀಕರ್. ಅದರ ಮೇಲೆ ಓರೆಯಾಗಿ ಕೊರೆದ ಕಟ್ಟಿಗೆಯ ಕೊಳವೆ. ಫ್ಯಾನಿನ ಮೋಟಾರು, ಹೊಲಿಗೆ ಮಷಿನ್ನಿನ ತೊಗಲ ಪಟ್ಟಿ ಸೇರಿ ಆ ಕೊಳವೆಯನ್ನು ಗಿರಗಿರನೆ ತಿರುಗಿಸಿದವೆಂದರೆ ಆರ್ಗನ್ನಿನ ಚಪ್ಪಟೆ ದನಿ ಉಸಿರಾಡತೊಡಗುತ್ತಿತ್ತು. ಕಿವಿಯ ಹತ್ತಿರ ಬರುತ್ತಿತ್ತು, ದೂರ ಹೋಗುತ್ತಿತ್ತು, ಮತ್ತೆ ಬರುತ್ತಿತ್ತು.

ಶರಣರ ವಚನಗಳ ಮಟ್ಟುಗಳನ್ನು ನುಡಿಸಿ ಕ್ಯಾಸೆಟ್ ಮಾಡುವುದೆಂದು ಮಾತಾಗಿತ್ತು. ಹೊದಿಕೆಯ ಮೇಲೆ ಹನಮಪ್ಪನ ಹೆಸರು. ಇಷ್ಟು ವರ್ಷ ಅವನು ನುಡಿಸಿದ್ದೆಲ್ಲ ರಂಗದ ಮುಂದಿನ ತಗ್ಗಿನಲ್ಲಿ ಕುಳಿತು. ಪರದೆ ಬಿದ್ದೊಡನೆ ಅದೂ ಗಾಳಿಗೆ ಹೋಗುತ್ತಿತ್ತು. ಉಳಿಯುವಂಥದ್ದು ಇದೊಂದೇ. ಸಂಜೆಯ ಆಟಕ್ಕೆ ಆರ್ಗನ್ ಹುನಗುಂದಕ್ಕೆ ಮರಳಬೇಕು, ನಾಳೆ ಕಂಪನಿ ಬಾದಾಮಿಗೆ ಹೊರಡುತ್ತದೆ. ಇವತ್ತು ಆಗದಿದ್ದರೆ ಆಗಲಿಲ್ಲ.

ಆರ್ಗನ್ ಇದ್ದ ಕೋಣೆಯಲ್ಲೇ ಸ್ಪೀಕರ್ ಇಟ್ಟರೆ ಬೆರಳಿನ ಕಟಕಟ ಸದ್ದೂ ಟೇಪಿಗೆ ಬೀಳುತ್ತದೆ. ಮೇಲಾಗಿ ಆ ಕೌದಿಗಳು ದನಿಯನ್ನು ನುಂಗಿ ನೀರು ಕುಡಿಯುತ್ತಿದ್ದವು. ಅಂದಾನಪ್ಪ ಮನೆಯ ತುಂಬ ಚಪ್ಪಾಳೆ ತಟ್ಟುತ್ತ ತಿರುಗಾಡಿ, ಕಡೆಗೆ ದೇವರ ಕೋಣೆಯೇ ಲಾಯಕ್ಕು ಎಂದು ತೀರ್ಮಾನಿಸಿದ. ನೆಲ, ಗೋಡೆ ಎಲ್ಲ ಕೆಂಪು ಕಲ್ಲು. ದನಿ ಅಲ್ಲಿ ತುಂಬಿಕೊಂಡು ನಿಲ್ಲುತ್ತಿತ್ತು. ಅಂಗಡಿಯ ಆಳುಗಳು ಪೆಟ್ಟಿಗೆಯನ್ನು ಎತ್ತಿ ಒಳಗೊಯ್ದರು. ಅದರ ಮುಂದೆ ಮೈಕು ನಿಂತಿತು. ವಾಯರು ನಡುಮನೆ, ಪಡಸಾಲೆ ದಾಟಿ ಹೊರಗಿನ ಕೋಣೆಗೆ ಬಂತು. ಹನಮಪ್ಪ ಒಳಗೆ ಹೋಗಲಿಲ್ಲ. ಬೇಡ ಎಂದು ಯಾರೂ ಅಂದಿರಲಿಲ್ಲ. ಬಾ ಎಂದೂ ಯಾರೂ ಅನ್ನಲಿಲ್ಲ.

ಕಂಪನಿಯ ಟೆಂಪೋ ಡ್ರೈವರ್ ಫಕ್ರುಸಾಬ ಕಟ್ಟೆಯ ಮೇಲೆ ಕಾಲು ಚಾಚಿ ಬೀಡಿ ಹಚ್ಚಿದ್ದ.

“ಲೇ ಹನಮ್ಯಾ, ನಿನ್ನ ಗಿರಿಗಿಟ್ಲಿ ದೇವರ ಕೋಣಿ ಹೊಕ್ಕೈತಿ, ನೀ ನೋಡಿದ್ರ ಇಲ್ಲೇ ಕುಂತಿ. ಅದರದು ಯಾವ ಜಾತ್ಯೋ?”

“ಸಾಗವಾನಿ.”

“ಒಳಗಿನ ತೊಗಲ ಪಟ್ಟೀದು?”

“ಅದನ್ನ ಯಾರೂ ಕೇಳಿಲ್ಲ. ನೀ ಸುಮ್ನ ಬೀಡಿ ಸೇದು.”

ಮೊದಲಿನ ಎರಡು ಮಟ್ಟು ಚೆನ್ನಾಗಿ ಬಂದವು. ಹೆಡ್‌ಫೋನ್ ಹಾಕಿಕೊಂಡ ಅಂದಾನಪ್ಪ ಕಣ್ಣು ಮುಚ್ಚಿ ತಲೆ ತೂಗುತ್ತಿದ್ದ. ಮೂರನೆಯದರ ನಡುವೆ ಅವನ ತಲೆ ನಿಂತಿತು. ದನಿಯ ಉಸಿರು ನಿಧಾನವಾಗಿ, ಎರಡು ಸಲ ತಡವರಿಸಿ, ಅಡಗಿತು.

“ಪಟ್ಟಿ ಜಾರೇತಿ,” ಎಂದ ಹನಮಪ್ಪ.

ಅಂದಾನಪ್ಪ ಒಳಗೆ ಓಡಿದ. ತಾನೇ ಪಟ್ಟಿ ಏರಿಸಿದ. ಒಂದು ಗಳಿಗೆ ತಿರುಗಿ ಮತ್ತೆ ಜಾರಿತು. ಮತ್ತೆ ಏರಿಸಿದ, ಮತ್ತೆ ಜಾರಿತು. ಬೆರಳಿಗೆಲ್ಲ ಎಣ್ಣೆ ಮೆತ್ತಿಕೊಂಡು ಹೊರಗೆ ಬಂದವನು ಓಣಿಯ ಆ ತುದಿ ಈ ತುದಿ ನೋಡಿ ದನಿ ತಗ್ಗಿಸಿದ.

“ಹನಮಪ್ಪ, ಅವ್ವ ಮಠಕ್ಕ ಹೋಗ್ಯಾಳ. ಪಟ್ನ ಒಳಗ ಬಂದು ಹಾಕಿ ಹೋಗಿಬಿಡು. ಆಕಿಗಿ ಗೊತ್ತಾಗೂದಿಲ್ಲ.”

ಅಂದಾನಪ್ಪ ಕೆಟ್ಟವನಲ್ಲ. ಕೇರಿಯ ಸಭೆಗೆ ಬಂದು ಸಮಾನತೆಯ ಭಾಷಣ ಮಾಡಿದವನು. ಹನಮಪ್ಪನ ಮನೆಯಲ್ಲಿ ಕುಳಿತು ಚಹಾ ಕುಡಿದವನು. ಅವನು ತೆರೆದಿಟ್ಟ ಬಾಗಿಲು ಮಾತ್ರ ಅವ್ವ ಇಲ್ಲದ ಹೊತ್ತಿನ ಬಾಗಿಲು. ಹನಮಪ್ಪ ಆರ್ಗನ್ನಿನ ಕೀಲಿಮಣೆಯ ಮೇಲಿಂದ ಕೈ ತೆಗೆದು ತೊಡೆಯ ಮೇಲಿಟ್ಟುಕೊಂಡ. ಒಂದು ನಿಮಿಷದ ಕೆಲಸ. ಹೋಗಿ ಬಂದರೆ ಕ್ಯಾಸೆಟ್ ಮುಗಿಯುತ್ತದೆ, ಹೆಸರು ಉಳಿಯುತ್ತದೆ. ಅವನಿಗೆ ಅದು ಗೊತ್ತಿಲ್ಲದ್ದಲ್ಲ.

“ಅವ್ವಾರು ಬರ್ಲಿ,” ಎಂದ.

“ಆಕಿ ಬಂದ್ರ ಆಗೂದಿಲ್ಲೋ ಮಾರಾಯಾ.”

“ಆಗದಿದ್ರ ಪೆಟಗಿ ಹೊರಗ ತರಸ್ರಿ, ಟೆಂಪೋದಾಗ ಇಡತೇನಿ. ನಾ ನುಡಸೂದು ಶರಣರ ಮಾತು ರೀ, ಅಂದಾನಪ್ಪಾರ. ಅದಕ್ಕ ಕಳ್ಳಹೆಜ್ಜಿ ಇಟ್ಟು ಹೋಗೂದು ನನ್ನ ಕೈಲಿ ಆಗೂದಿಲ್ಲ.”

ಅಂದಾನಪ್ಪ ಎಣ್ಣೆಯ ಕೈಯನ್ನು ಧೋತರಕ್ಕೆ ಒರೆಸಿಕೊಂಡ. ಬಿಳಿಯ ಧೋತರ ಹಾಳಾಯಿತು.

ಬಿಸಿಲು ಕಟ್ಟೆಯನ್ನು ಇಳಿಯುವ ಹೊತ್ತಿಗೆ ಸಾವಿತ್ರೆವ್ವ ಬಂದಳು. ಹಣೆಯ ತುಂಬ ವಿಭೂತಿ, ಸೆರಗಿನಲ್ಲಿ ಪ್ರಸಾದ. “ಯಾಕಪಾ, ಮುಗೀತೇನು ನಿಮ್ಮ ಬಾಜಾ?” ಎಂದು ಮಗನನ್ನು ಕೇಳಿದಳು. ಮಗ ಬಾಯಿ ತೆರೆಯುವ ಮೊದಲೇ ಹನಮಪ್ಪ ಎದ್ದು ನಿಂತ.

“ಯವ್ವಾ, ಒಳಗ ನನ್ನ ಪೆಟಗಿ ಕೆಟ್ಟೈತ್ರಿ. ನಾ ಬಂದು ನೆಟ್ಟಗ ಮಾಡಬೇಕು. ಬಾ ಅಂದ್ರ ಬರ್ತೇನಿ. ಬ್ಯಾಡಂದ್ರ ಪೆಟಗಿ ತಗೊಂಡು ಹೋಗ್ತೇನಿ.”

“ಅಂದಾನಪ್ಪಗ ಬರೂದಿಲ್ಲೇನು?”

“ಬರಲಿಲ್ರಿ.”

ಸಾವಿತ್ರೆವ್ವನ ಮುಖ ಬಿಗಿಯಿತು. “ನಾ ಇಲ್ಲದಾಗ ಮಾಡಿ ಮುಗಸಬಾರದಿತ್ತೇನು? ನನ್ನ ಯಾಕ ಕೇಳಾಕ ಹತ್ತಿದಿ?”

“ನಿಮ್ಮ ಮನಿ ಅಂತ ಕೇಳಿದ್ನಿ. ಕಳ್ಳ ಆಗಿದ್ರ ಕೇಳ್ತಿರಲಿಲ್ರಿ.”

ಅವಳು ಒಳಗೆ ಹೋದಳು. ಕಾಣದಂತೆ ನಡೆದರೆ ಅಡ್ಡಿಯಿಲ್ಲ, ಕೇಳಿ ನಡೆಯಬಾರದು: ಆ ಮನೆಯ ಧರ್ಮ ನಿಂತದ್ದು ಅಷ್ಟರ ಮೇಲೆ. ಹನಮಪ್ಪ ಕೇಳಿಬಿಟ್ಟಿದ್ದ.

“ಬ್ಯಾಡ ಅಂದಿಲ್ಲಲ್ಲ ಆಕಿ,” ಎಂದ ಅಂದಾನಪ್ಪ ಮೆಲ್ಲಗೆ.

“ಬಾ ಅಂದಿಲ್ಲಲ್ರಿ.”

ಫಕ್ರುಸಾಬ ಬೀಡಿ ಹೊಸಕಿ ಎದ್ದ. “ಏಳಲೇ. ತಡಾ ಆದ್ರ ಮಾಲಕ ನನ್ನ ಚರ್ಮ ಸುಲೀತಾನ. ನಿನಗೇನು, ನಿನ್ನ ಚರ್ಮ ಭಾಳ ದಪ್ಪ.”

ಹನಮಪ್ಪ ನಗಲಿಲ್ಲ. ಆರ್ಗನ್ನಿನ ಮುಚ್ಚಳ ಇಳಿಸಿದ. ವಾಯರು ಸುತ್ತತೊಡಗಿದ.

ಆಗ ಪಡಸಾಲೆಯ ಬಾಗಿಲಲ್ಲಿ ಸಾವಿತ್ರೆವ್ವ ಕಾಣಿಸಿಕೊಂಡಳು. ಕೈಯಲ್ಲಿ ನೀರು ತುಂಬಿದ ತಂಬಿಗೆ. ಹೊಸ್ತಿಲ ಆಚೆ, ಕಲ್ಲಿನ ಮೇಲೆ ಅದನ್ನಿಟ್ಟು ಒಂದು ಹೆಜ್ಜೆ ಹಿಂದೆ ಸರಿದಳು.

“ಕಾಲ ತೊಳಕೊಂಡು ಬಾ.”

ಹನಮಪ್ಪ ತಂಬಿಗೆಯ ಮುಂದೆ ನಿಂತ. ಬಗ್ಗಲಿಲ್ಲ.

“ಬೀಗರು ಬಂದ್ರೂ ಹಿಂಗ ಕೆಳಗ ಇಟ್ಟು ಸರೀತೀರೇನ್ರಿ, ಯವ್ವಾ?”

ದನಿಯಲ್ಲಿ ಸಿಟ್ಟಿರಲಿಲ್ಲ. ಮಳೆ ಬಂತೇ ಎಂದು ಕೇಳಿದಷ್ಟು ಸಮಾಧಾನ. ಅಂದಾನಪ್ಪ ನೆಲ ನೋಡಿದ.

“ಬಾಯಿ ಭಾಳ ಐತಿ ನಿನಗ,” ಎಂದಳು ಅವಳು.

“ಹಲಗಿ ಮನೆತನ್ರಿ. ಸದ್ದು ಮಾಡೂದ ನಮ್ಮ ಉದ್ಯೋಗ.”

ಸಾವಿತ್ರೆವ್ವ ಹಿಂದೆ ಸರಿದಿದ್ದ ಆ ಒಂದು ಹೆಜ್ಜೆ ಮುಂದೆ ಬಂದಳು. ಆಮೇಲೆ ಬಗ್ಗಿ ತಂಬಿಗೆ ಎತ್ತಿ, ಚಾಚಿದ ಅವನ ಕೈಗೆ ಕೊಟ್ಟಳು. ಬೆರಳಿಗೆ ಬೆರಳು ತಾಗಿ ಒಂದಿಷ್ಟು ನೀರು ತುಳುಕಿತು. ಅವನು ಅವಸರ ಮಾಡದೆ ಎರಡೂ ಕಾಲು ತೊಳೆದು, ಮುಂಬಾಗಿಲಿನಿಂದ ಒಳಗೆ ಹೋದ. ಹಿಗ್ಗಿದ್ದ ಪಟ್ಟಿಯನ್ನು ಒಂದು ಬೆರಳಷ್ಟು ಕತ್ತರಿಸಿ, ತಂತಿಯ ಕೊಂಡಿ ಮತ್ತೆ ಜೋಡಿಸಿದ. ಕೊಳವೆ ತಿರುಗಿತು. ಬಂದ ದಾರಿಯಲ್ಲೇ ಹೊರಗೆ ಬಂದ.

ಹೆಡ್‌ಫೋನ್ ಇಸಿದುಕೊಂಡು ಕಿವಿಗೆ ಹಾಕಿಕೊಂಡ. ಒಳಗಿನ ಮೈಕು ತೆರೆದೇ ಇತ್ತು. ಮೋಟಾರಿನ ಸಣ್ಣ ಗುಂಯ್ ಕೇಳುತ್ತಿತ್ತು. ಅದಲ್ಲ ಅವನು ಕಾದದ್ದು. ತಾನು ತುಳಿದ ನೆಲಕ್ಕೆ ನೀರು ಸುರಿಯುವ ಸದ್ದು, ಕಸಬರಿಗೆ ಕಲ್ಲಿಗೆ ಉಜ್ಜುವ ಸದ್ದು ಈಗ ಬರುತ್ತದೆ, ಈಗ ಬರುತ್ತದೆ ಎಂದು ಉಸಿರು ಹಿಡಿದು ಕುಳಿತ. ಹೆಜ್ಜೆ ಕೇಳಿಸಿತು. ಸೀರೆಯ ಸರಸರ ಕೇಳಿಸಿತು. ಯಾರೋ ಮೊಣಕಾಲು ಹಿಡಿದು ಉಸ್ ಎನ್ನುತ್ತ ಕೆಳಗೆ ಕುಳಿತ ಸದ್ದು. ಆಮೇಲೆ ಸಾವಿತ್ರೆವ್ವನ ದನಿ, ಪೆಟ್ಟಿಗೆಯ ತೀರ ಹತ್ತಿರದಿಂದ:

“ಅಯ್ಯ, ಹೆಂಗ ತಿರಗತೈತಿ ನೋಡು ಇದು.”

ತಾವು ಹೋದ ಮೇಲೆ ತೊಳೆದಾಳು. ತೊಳೆಯದೆಯೂ ಇದ್ದಾಳು. ಹನಮಪ್ಪ ಹೆಡ್‌ಫೋನ್ ತೆಗೆದು ಅಂದಾನಪ್ಪನಿಗೆ ಕೊಟ್ಟ, ಆರ್ಗನ್ನಿನ ಮುಚ್ಚಳ ಎತ್ತಿದ.

“ಅವ್ವಾರಿಗೆ ಹೇಳ್ರಿ, ಕುಂದ್ರಬೇಕಂದ್ರ ಕುಂದ್ರಲಿ, ಮಾತಾಡೂದು ಬ್ಯಾಡ. ಟೇಪ್ ಹಚ್ರಿ.”

ಮೂರನೆಯ ಮಟ್ಟನ್ನು ಅವನು ಮೊದಲಿನಿಂದ ಹಿಡಿದ.